29–26 ಅಂದರೆ ಮೂರು ಗೋಲಿನ ಗೆಲುವೇ? ಮಹಿಳಾ ಹ್ಯಾಂಡ್‌ಬಾಲ್ ಕಪ್‌ಗಳ ದಾಖಲೆ ಬರೆದ ನನ್ನ ಅನುಭವ

ಮಹಿಳಾ ಹ್ಯಾಂಡ್‌ಬಾಲ್ ಕಪ್ಪಿನ ಚರಿತ್ರೆ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡು ಕಾಲಮ್ಮಿನ ಪಟ್ಟಿ: ಇಸವಿ, ಗೆದ್ದವರು. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಈ ದಾಖಲೆ ಕಟ್ಟಲು ಹಿಡಿದಾಗ ಆ ಪಟ್ಟಿಯನ್ನು ಕಟ್ಟಕಡೆಗೆ ಬರೆಯುವುದೆಂದು ನಿಶ್ಚಯಿಸಿದೆ. ಮೊದಲು ಬರೆಯಬೇಕಾದದ್ದು ಪ್ರತಿಯೊಂದು ಫೈನಲ್ ಯಾವ ದಾರಿಯಲ್ಲಿ ತೀರ್ಮಾನವಾಯಿತು ಎಂಬುದು. ಅದನ್ನು ಬಿಟ್ಟರೆ ಸ್ಕೋರು ಸರಿಯಾಗಿದ್ದೂ ಚರಿತ್ರೆ ತಪ್ಪಾಗುತ್ತದೆ.

ಹಂಗೆರಿಯ ಜ್ಯೋರ್ ಕ್ಲಬ್ಬಿನ ಎರಡು ಸಾಲು ತೆಗೆದುಕೊಳ್ಳಿ. ಯುರೋಪಿನ ಕ್ಲಬ್ಬುಗಳ ದೊಡ್ಡ ಸ್ಪರ್ಧೆ ಚಾಂಪಿಯನ್ಸ್ ಲೀಗ್‌ನ 2016ರ ಫೈನಲ್ ಬುಡಾಪೆಸ್ಟ್‌ನಲ್ಲಿ ನಡೆಯಿತು. ರೊಮೇನಿಯದ ಸಿಎಸ್ಎಂ ಬುಕುರೆಷ್ಟಿ 29, ಜ್ಯೋರ್ 26. ಓದಿದವರಿಗೆ ಇದು ಮೂರು ಗೋಲಿನ ಸಲೀಸಾದ ಗೆಲುವು. ಆದರೆ ಹೆಚ್ಚುವರಿ ಸಮಯ ಮುಗಿದಾಗ ಎರಡೂ ತಂಡ 25ರಲ್ಲಿದ್ದವು. ಆಮೇಲಿನ ಏಳು ಮೀಟರ್ ಎಸೆತಗಳಲ್ಲಿ (ಫುಟ್‌ಬಾಲಿನ ಪೆನಾಲ್ಟಿಯಂಥವು) ಬುಕುರೆಷ್ಟಿ ನಾಲ್ಕು ಹಾಕಿತು, ಜ್ಯೋರ್ ಒಂದು. ಫುಟ್‌ಬಾಲ್‌ನಲ್ಲಿ ಪೆನಾಲ್ಟಿಗಳನ್ನು ಆವರಣದಲ್ಲಿ ಬೇರೆ ಬರೆಯುವ ರೂಢಿ ಇದೆ. ಹ್ಯಾಂಡ್‌ಬಾಲ್ ವರದಿಗಳಲ್ಲಿ ಅವನ್ನು ಒಟ್ಟು ಗೋಲಿಗೇ ಕೂಡಿಸುತ್ತಾರೆ. 25ಕ್ಕೆ ನಾಲ್ಕು ಸೇರಿ 29, 25ಕ್ಕೆ ಒಂದು ಸೇರಿ 26.

ಇನ್ನೊಂದು ಸಾಲು 2012ರದು. ಆಗ ಫೈನಲ್ ಎರಡು ಪಂದ್ಯಗಳದ್ದು, ಒಂದು ಇವರ ಊರಲ್ಲಿ, ಒಂದು ಅವರ ಊರಲ್ಲಿ. ಜ್ಯೋರ್ ತನ್ನ ನೆಲದಲ್ಲಿ 29–27ರಿಂದ ಗೆದ್ದಿತು. ಮಾಂಟೆನೆಗ್ರೊದ ಬುದುಚ್ನೊಸ್ತ್ ತನ್ನ ನೆಲದಲ್ಲಿ 27–25ರಿಂದ ಗೆದ್ದಿತು. ಎರಡೂ ಕಡೆ ಒಟ್ಟು 54. ಎದುರಾಳಿಯ ಊರಲ್ಲಿ ಬುದುಚ್ನೊಸ್ತ್ ಹಾಕಿದ್ದು 27, ಜ್ಯೋರ್ ಹಾಕಿದ್ದು 25. ಒಟ್ಟು ಸಮವಾದರೆ ಎದುರಾಳಿಯ ಊರಲ್ಲಿ ಹೆಚ್ಚು ಗೋಲು ಹಾಕಿದವರದೇ ಗೆಲುವೆಂಬ ಆಗಿನ ನಿಯಮದಂತೆ ಕಪ್ಪು ಬುದುಚ್ನೊಸ್ತ್‌ಗೆ ಹೋಯಿತು. ‘ಗೆದ್ದವರು’ ಕಾಲಂ ಮಾತ್ರ ನೋಡಿದರೆ ಜ್ಯೋರ್ ಈ ಎರಡೂ ಫೈನಲ್ ಸೋತ ತಂಡ. ಆದರೆ ಆಟದ ಹೊತ್ತು ಮುಗಿದಾಗ ಎರಡರಲ್ಲೂ ಒಟ್ಟು ಗೋಲಿನಲ್ಲಿ ಅದು ಸಮವಾಗಿತ್ತು. ಅದೇ ತಂಡ 2017 ಮತ್ತು 2018ರಲ್ಲಿ ಮ್ಯಾಸಿಡೋನಿಯದ ಸ್ಕೋಪ್ಯೆಯ ವಾರ್ದಾರ್ ತಂಡದ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಒಂದೊಂದೇ ಗೋಲಿನಿಂದ, 31–30 ಮತ್ತು 27–26ರಿಂದ, ಕಪ್ಪು ಎತ್ತಿತು. ಈ ನಾಲ್ಕು ಸಾಲುಗಳನ್ನು ಒಟ್ಟಿಗೆ ಓದಿದರೆ ಒಂದು ತಂಡದ ಆರು ವರ್ಷ ಕಣ್ಣಿಗೆ ಕಟ್ಟುತ್ತದೆ.

ಹೀಗಾಗಿ ನನ್ನ ರಿಜಿಸ್ಟರಿನಲ್ಲಿ ಸ್ಕೋರಿಗೇ ಐದು ಕಾಲಂ: 60 ನಿಮಿಷಕ್ಕೆ, ಹೆಚ್ಚುವರಿ ಸಮಯಕ್ಕೆ, ಏಳು ಮೀಟರ್ ಎಸೆತ, ಅಚ್ಚಾದ ಒಟ್ಟು ಸ್ಕೋರು, ತೀರ್ಮಾನದ ಬಗೆ. ಕೊನೆಯದರಲ್ಲಿ ಒಂದೇ ಅಕ್ಷರ: ನೇರ ಗೆಲುವಿಗೆ ‘ನೇ’, ಹೆಚ್ಚುವರಿ ಸಮಯಕ್ಕೆ ‘ಹೆ’, ಏಳು ಮೀಟರ್‌ಗೆ ‘ಏ’, ಎರಡು ಪಂದ್ಯದ ಒಟ್ಟು ಗೋಲಿಗೆ ‘ಒ’, ಹೊರ ಊರಿನ ಗೋಲಿಗೆ ‘ಹೊ’. ಹೆಚ್ಚುವರಿ ಸಮಯವೆಂದರೆ ಐದು ನಿಮಿಷ ಬಿಡುವು, ಆಮೇಲೆ ಐದೈದು ನಿಮಿಷದ ಎರಡು ಅರ್ಧ, ನಡುವೆ ಒಂದು ನಿಮಿಷ. ಅದೂ ಸಮವಾದರೆ ಇನ್ನೊಂದು ಸುತ್ತು ಹೆಚ್ಚುವರಿ ಆಡಿಸುವುದೋ, ನೇರವಾಗಿ ಏಳು ಮೀಟರ್‌ಗೆ ಹೋಗುವುದೋ ಎನ್ನುವುದಕ್ಕೆ ಆಯಾ ಕಪ್ಪಿನ ನಿಯಮಾವಳಿ ನೋಡಬೇಕು. ಒಂದು ಕಪ್ಪಿನ ನಿಯಮವನ್ನು ಇನ್ನೊಂದಕ್ಕೆ ಊಹಿಸಿ ಹಚ್ಚಬಾರದು.

ಇಸವಿಯ ಕಾಲಂ ಸುಲಭವೆಂದು ಕಾಣುತ್ತದೆ, ಆದರೆ ಅತಿ ಹೆಚ್ಚು ತಪ್ಪು ನುಸುಳುವುದು ಅಲ್ಲೇ. ಯುರೋಪಿನ ಸೀಸನ್ ಶರತ್ಕಾಲದಲ್ಲಿ ಶುರುವಾಗಿ ಮುಂದಿನ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಚಾಂಪಿಯನ್ಸ್ ಲೀಗ್ ಫೈನಲ್ ಕೊನೆಯಲ್ಲಿ ಬರುವುದರಿಂದ 2011–12ರ ಕಪ್ಪನ್ನು 2012 ಎಂದು ಬರೆದರೆ ತೊಂದರೆಯಿಲ್ಲ. ಆದರೆ ನಾರ್ವೆಯ ರಾಷ್ಟ್ರೀಯ ಕಪ್ ಫೈನಲ್ ಬಹಳ ವರ್ಷ ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವಿನ ದಿನಗಳಲ್ಲೇ ನಡೆಯುತ್ತಿತ್ತು. ಅಲ್ಲಿ ಸೀಸನ್ನಿನ ಎರಡನೆಯ ಇಸವಿ ಬರೆದರೆ ಕಪ್ಪು ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಒಂದು ಸಾಲು ಜಾರಿದರೆ ಕೆಳಗಿನವೆಲ್ಲ ಜಾರುತ್ತವೆ. ಸೀಸನ್ ಒಂದು ಕಾಲಮ್ಮಿನಲ್ಲಿ, ಫೈನಲ್ ನಡೆದ ದಿನಾಂಕ ಇನ್ನೊಂದರಲ್ಲಿ ಬರೆಯುವುದೇ ಇದಕ್ಕೆ ಪರಿಹಾರ.

ಇನ್ನೊಂದು ಬಲೆ ರಾಷ್ಟ್ರೀಯ ಕಪ್ಪುಗಳದೇ. 1976–77ರಿಂದ 2016ರವರೆಗೆ ಯುರೋಪಿನಲ್ಲಿ ಮಹಿಳೆಯರ ಕಪ್ ವಿನ್ನರ್ಸ್ ಕಪ್, ಅಂದರೆ ರಾಷ್ಟ್ರೀಯ ಕಪ್ ಗೆದ್ದ ತಂಡಗಳಿಗಾಗಿ ಇದ್ದ ಸ್ಪರ್ಧೆ, ಇತ್ತು. ಅದರಲ್ಲಿ ಆಡಿದ ತಂಡಗಳನ್ನು ಹಿಡಿದು ಹಿಂದಿನ ವರ್ಷದ ರಾಷ್ಟ್ರೀಯ ಕಪ್ ಗೆದ್ದವರು ಇವರೇ ಎಂದು ಬರೆದುಬಿಡುವುದು ಸುಲಭ. ಆದರೆ ದೊಡ್ಡ ಕ್ಲಬ್ಬು ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದಾಗ ಅದು ಚಾಂಪಿಯನ್ನರ ಸ್ಪರ್ಧೆಗೆ ಹೋಗುತ್ತಿತ್ತು, ಈ ಜಾಗ ಫೈನಲ್ ಸೋತವರಿಗೆ ಸಿಗುತ್ತಿತ್ತು. ಹೀಗೆ ಸೋತ ತಂಡ ಪಟ್ಟಿಯಲ್ಲಿ ಗೆದ್ದ ತಂಡವಾಗುತ್ತದೆ. ಯುರೋಪಿನ ಪ್ರವೇಶ ಪಟ್ಟಿ ಸುಳಿವಿಗೆ ಸಾಕು, ಸಾಕ್ಷಿಗೆ ಸಾಲದು. ಫೈನಲ್ ಪಂದ್ಯದ ವರದಿ ಸಿಗುವ ತನಕ ಆ ಸಾಲನ್ನು ಪೆನ್ಸಿಲ್‌ನಲ್ಲೇ ಇಡುತ್ತೇನೆ.

ಹೆಸರುಗಳ ವಿಷಯದಲ್ಲಿ ನಿಯಮ ಒಂದೇ: ಅಂದು ಇದ್ದಂತೆ ಬರೆಯುವುದು, ಇಂದಿನದನ್ನು ಷರಾದಲ್ಲಿ ಇಡುವುದು. ಬುದುಚ್ನೊಸ್ತ್ 1985ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದಾಗ ಅದರ ಊರು ಟಿಟೊಗ್ರಾದ್, ದೇಶ ಯುಗೊಸ್ಲಾವಿಯ. 2012ರಲ್ಲಿ ಅದೇ ಊರು ಪೊದ್ಗೊರಿತ್ಸಾ, ದೇಶ ಮಾಂಟೆನೆಗ್ರೊ. ಸ್ಪಾರ್ತಾಕ್ ಕೀವ್ 1970ರಿಂದ 1988ರೊಳಗೆ 13 ಬಾರಿ ಯುರೋಪಿಯನ್ ಕಪ್ ಗೆದ್ದಿತು. ಆಗ ಅದು ಸೋವಿಯತ್ ಒಕ್ಕೂಟದ ತಂಡ, ಇಂದು ಆ ಊರು ಉಕ್ರೇನಿನ ರಾಜಧಾನಿ. ಇಗೋರ್ ತುರ್ಚಿನ್ ತರಬೇತಿಯ ಈ ತಂಡವೇ ಒಲಿಂಪಿಕ್ಸ್‌ನ ಮೊದಲ ಮಹಿಳಾ ಹ್ಯಾಂಡ್‌ಬಾಲ್ ಚಿನ್ನಕ್ಕೆ, 1976ರ ಮಾಂಟ್ರಿಯಲ್‌ನ ಸೋವಿಯತ್ ಚಿನ್ನಕ್ಕೆ, ಬೆನ್ನೆಲುಬು. ಜರ್ಮನಿಯ ಬೀಟಿಗ್‌ಹೈಮ್ 2024ರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ಬೇಸಿಗೆಯಲ್ಲೇ ಲುಡ್ವಿಗ್ಸ್‌ಬುರ್ಗ್ ಹೆಸರಿಗೆ ಬದಲಾಯಿತು. ಷರಾ ಇಲ್ಲದೆ ಹೋದರೆ ಹತ್ತು ವರ್ಷದ ಮೇಲೆ ಇವೆರಡೂ ಬೇರೆ ಬೇರೆ ಕ್ಲಬ್ಬುಗಳೆಂದು ಯಾರೋ ಎಣಿಸುತ್ತಾರೆ. ಸ್ಪರ್ಧೆಯ ಹೆಸರಿಗೂ ಇದೇ ಲೆಕ್ಕ. 1960–61ರಲ್ಲಿ ಯುರೋಪಿಯನ್ ಕಪ್ ಎಂದು ಹುಟ್ಟಿದ್ದು 1993–94ರಿಂದ ಚಾಂಪಿಯನ್ಸ್ ಲೀಗ್. ಒಂದೇ ಸ್ಪರ್ಧೆ, ಒಂದೇ ಪಟ್ಟಿ.

ಈ ಹೆಸರುಗಳನ್ನು ಕನ್ನಡಕ್ಕೆ ತರುವಾಗ ನಮ್ಮ ಲಿಪಿ ದೊಡ್ಡ ಸಹಾಯ. ಮುಂಬಯಿಯಲ್ಲಿ ಸ್ಕೋರ್ ಟೇಬಲ್ಲಿಗೆ ಬರುವ ಪಟ್ಟಿಗಳು ಹೆಚ್ಚಾಗಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ದೇವನಾಗರಿಯ ಮರಾಠಿ ಬರಹದಲ್ಲಿ ಎ–ಏ, ಒ–ಓ ಭೇದ ಕಾಣುವುದಿಲ್ಲ. ಅದರಿಂದ ಅಕ್ಷರಕ್ಕೆ ಅಕ್ಷರ ಇಳಿಸಿದರೆ ಬುದುಚ್ನೊಸ್ತ್‌ನ ‘ನೊ’ ಸುಮ್ಮನೆ ‘ನೋ’ ಆಗಿ ಎಳೆದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ನೋಡಿ ಬರೆದರೆ ಜ್ಯೋರ್ ‘ಗ್ಯೋರ್’ ಆಗುತ್ತದೆ, ಬುಕುರೆಷ್ಟಿ ‘ಬುಕುರೆಸ್ಟಿ’ ಆಗುತ್ತದೆ. ಆ ದೇಶದ ವೀಕ್ಷಕವಿವರಣೆಯನ್ನು ಎರಡು ಸಲ ಕೇಳಿ, ಕಿವಿಗೆ ಬಿದ್ದಂತೆ ಬರೆದು, ಕೊನೆಯ ಪುಟದಲ್ಲಿ ಅಕಾರಾದಿ ಪಟ್ಟಿ ಮಾಡಿ, ಮುಂದೆ ಎಲ್ಲೆಡೆ ಅದೇ ರೂಪ ಬಳಸಬೇಕು.

ನಮ್ಮ ದೇಶದ ಸಾಲುಗಳಿಗೆ ಬೇರೆ ಪುಟವೇ ಬೇಕು. ಭಾರತದ ಹ್ಯಾಂಡ್‌ಬಾಲ್ ಒಕ್ಕೂಟ ಹುಟ್ಟಿದ್ದು 1972ರಲ್ಲಿ. ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಹ್ಯಾಂಡ್‌ಬಾಲ್ ಸೇರಿದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. ಇಲ್ಲಿಯ ಸೀನಿಯರ್ ನ್ಯಾಷನಲ್ಸ್ ಆಡುವುದು ಕ್ಲಬ್ಬುಗಳಲ್ಲ, ರಾಜ್ಯಗಳು ಮತ್ತು ರೈಲ್ವೆಯಂಥ ಸಂಸ್ಥೆಗಳು. ಗುಂಪಿನ ಪಂದ್ಯ ಮುಗಿದ ಮೇಲೆ ನಾಕೌಟ್. ಮೊದಲ ಸುತ್ತಿನಿಂದಲೇ ಸೋತವರು ಮನೆಗೆ ಹೋಗುವ ಯುರೋಪಿನ ರಾಷ್ಟ್ರೀಯ ಕಪ್ಪುಗಳ ಪಕ್ಕದಲ್ಲಿ ಇದನ್ನಿಟ್ಟು ಹೋಲಿಸಬಾರದು. ಮುಂಬಯಿಯಲ್ಲೇ ಬೆಳೆದ ಹುಡುಗಿ ರೈಲ್ವೆ ಕೆಲಸಕ್ಕೆ ಸೇರಿ ರೈಲ್ವೆ ಪರ ಆಡಿದರೆ ಆ ಪದಕ ಮಹಾರಾಷ್ಟ್ರದ ಲೆಕ್ಕಕ್ಕೆ ಬರುವುದಿಲ್ಲ. ಆಟಗಾರ್ತಿಯರ ಪಟ್ಟಿಯಲ್ಲಿ ‘ಆಡಿದ ತಂಡ’, ‘ಬೆಳೆದ ಊರು’ ಎಂದು ಎರಡು ಕಾಲಂ ಇಡಿ. ಇಂಥ ಹುಡುಗಿಯರ ಹೆಸರು ಎರಡೂ ಕಡೆಯಿಂದ ಬಿಟ್ಟುಹೋಗುವುದನ್ನು ತಡೆಯಲು ನನಗೆ ಬೇರೆ ದಾರಿ ಕಾಣಲಿಲ್ಲ.

ಒಟ್ಟು ಗೋಲುಗಳ ಹೋಲಿಕೆಗೆ ಇಳಿಯುವವರು 2016 ಮತ್ತು 2022ರಲ್ಲಿ ಒಂದೊಂದು ದಪ್ಪ ಗೆರೆ ಎಳೆದುಕೊಳ್ಳಬೇಕು. 2016ರಿಂದ ಗೋಲ್‌ಕೀಪರನ್ನು ಹೊರಗಿಟ್ಟು ದಾಳಿಗೆ ಏಳನೆಯ ಆಟಗಾರ್ತಿಯನ್ನು ಇಳಿಸುವುದು ಸಲೀಸಾಯಿತು, ಖಾಲಿ ಗೋಲಿಗೆ ಎಸೆಯುವುದೂ ಹೆಚ್ಚಿತು. ಆಟ ಎಳೆಯುತ್ತಿದ್ದಾರೆಂದು ರೆಫರಿ ಕೈಯೆತ್ತಿದ ಮೇಲೆ ಗೋಲಿಗೆ ಎಸೆಯುವ ಮುನ್ನ ಆರು ಪಾಸ್ ಮಾಡಬಹುದಿದ್ದದ್ದು 2022ರಲ್ಲಿ ನಾಲ್ಕಕ್ಕೆ ಇಳಿಯಿತು.

ಕಾಗದದ ಮಾತು ಸ್ವಲ್ಪ. ಮುಂಬಯಿಯ ಮಳೆಗಾಲಕ್ಕೆ ಇಂಕ್ ಪೆನ್ ಬೇಡ, ತೇವಕ್ಕೆ ಅಂಕಿ ಹರಡಿ 3 ಮತ್ತು 8 ಒಂದೇ ಆಗುತ್ತವೆ. ಬಾಲ್ ಪೆನ್ ಸಾಕು. ಪತ್ರಿಕೆಯ ತುಣುಕುಗಳಿಗೆ ಗೋಂದು ಹಚ್ಚಬೇಡಿ. ಹುಳು ಮೊದಲು ತಿನ್ನುವುದು ಗೋಂದಿರುವ ಜಾಗವನ್ನೇ. ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿ, ಜೂನ್‌ಗೆ ಮೊದಲು ನುಸಿಗುಳಿಗೆ ಬದಲಿಸಿ.

ಎಲ್ಲ ಸಾಲು ತುಂಬಿದ ಮೇಲೆ ಕ್ಲಬ್ಬುವಾರು ಎಣಿಕೆ, ಆಮೇಲೆ ಅಂದಿನ ದೇಶದ ಪ್ರಕಾರ ಎಣಿಕೆ. ಯುರೋಪಿಯನ್ ಕಪ್–ಚಾಂಪಿಯನ್ಸ್ ಲೀಗ್ ಪಟ್ಟಿಯಲ್ಲಿ ಸ್ಪಾರ್ತಾಕ್ 13, ಆಸ್ಟ್ರಿಯಾದ ಹೈಪೊ 8, 2025ರ ಗೆಲುವು ಸೇರಿ ಜ್ಯೋರ್ 7 ಬರಬೇಕು. ಎರಡು ಎಣಿಕೆಯ ಮೊತ್ತ ತಾಳೆಯಾಗದಿದ್ದರೆ ಮೊದಲು 2020ರ ಸಾಲು ನೋಡಿ. ಕೊರೊನಾದಿಂದ ಆ ಸೀಸನ್ ರದ್ದಾಯಿತು, ಕಪ್ಪು ಯಾರಿಗೂ ಹೋಗಲಿಲ್ಲ. ಸಾಲನ್ನು ತೆಗೆದುಹಾಕಿದ ಪಟ್ಟಿಗಳಿವೆ, ಹಿಂದಿನ ವರ್ಷ ಗೆದ್ದವರನ್ನೇ ತುಂಬಿದವೂ ಇವೆ. ಇಸವಿ ಹಾಗೇ ಇರಲಿ, ಗೆದ್ದವರ ಜಾಗದಲ್ಲಿ ಒಂದು ಅಡ್ಡಗೆರೆ, ಷರಾದಲ್ಲಿ ‘ರದ್ದು’.