ಸಾಸೇಜ್, ಸೊಪ್ಪು ಹಾಕಿದ ಪಾಸ್ತಾ ಮಾಡೋದು ಹೀಗೆ

ಇಬ್ಬರಿಗೆ 200 ಗ್ರಾಂ ಪಾಸ್ತಾ, ಅಷ್ಟೇ ತೂಕದ ಹಸಿ ಸಾಸೇಜ್ ಸಾಕು. ನನಗೆ ಬಟ್ಟಲಿನಂತೆ ಗುಳಿ ಇರುವ ಒರೆಕಿಯೆತ್ತೆ ಪಾಸ್ತಾವೇ ಇಷ್ಟ, ಮಾಂಸದ ಚೂರು ಅದರೊಳಗೇ ಕೂತುಬಿಡುತ್ತದೆ. ಕೊಳವೆಯಂತಿರುವ ಪೆನ್ನೆ ಇದ್ದರೂ ನಡೆಯುತ್ತದೆ.

ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಕುದಿಯಲು ಇಡಿ, ಕುದಿ ಬಂದಾಗ ಪಾಸ್ತಾ ಹಾಕಿ. ಅಷ್ಟರಲ್ಲಿ ಸಾಸೇಜಿನ ಹೊರಪೊರೆ ಸೀಳಿ ತೆಗೆದು, ಮಾಂಸವನ್ನು ಕೈಯಲ್ಲೇ ಚೂರು ಮಾಡಿ. ಅಗಲವಾದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ ಮಾಂಸ ಹರಡಿ. ಈಗ ಸುಮ್ನೆ ಬಿಡಿ, ಕೈಯಾಡಿಸಬೇಡಿ! ತಳ ಚೆನ್ನಾಗಿ ಕಂದಾದರೆ ಮಾಂಸ ತಾನಾಗಿಯೇ ಬಾಣಲೆ ಬಿಟ್ಟು ಬರುತ್ತದೆ. ರುಚಿಯೆಲ್ಲ ಇರೋದು ಆ ಕಂದಿನಲ್ಲೇ. ಆಮೇಲೆ ಮಗುಚಿ ಪೂರ್ತಿ ಬೇಯಿಸಿ. ಉರಿ ಸಣ್ಣ ಮಾಡಿ ಮೂರು ಎಸಳು ಬೆಳ್ಳುಳ್ಳಿ ಹೆಚ್ಚಿ ಹಾಕಿ. ಅದು ಸೀದರೆ ಇಡೀ ಅಡುಗೆ ಕಹಿ.

ಸೊಪ್ಪು ಜಾಸ್ತಿಯೇ ಇರಲಿ, ಬಾಡಿದರೆ ಒಂದು ಹಿಡಿ ಆಗುತ್ತದೆ ಅಲ್ವಾ? ಪಾಲಕ್ ಆದರೆ ಕೊನೆಗೆ ನೇರವಾಗಿ ಬಾಣಲೆಗೆ. ಕೇಲ್ ಗಟ್ಟಿ ಸೊಪ್ಪು. ದಂಟು ತೆಗೆದು, ಹೆಚ್ಚಿ, ಪಾಸ್ತಾ ಬೇಯಲು ಇನ್ನು ಮೂರು ನಿಮಿಷ ಇರುವಾಗ ಅದೇ ನೀರಿಗೆ ಹಾಕಿ.

ಪಾಸ್ತಾ ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ. ಇದನ್ನು ಮರೆಯಲೇಬಾರದು. ಆ ನೀರಿನ ಗಂಜಿಯೇ ಸಾಸೇಜಿನ ಕೊಬ್ಬನ್ನು ಹಿಡಿದು ಸಾಸ್ ಮಾಡುತ್ತದೆ. ಪಾಕೆಟ್ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಪಾಸ್ತಾ ಬಸಿದು ಬಾಣಲೆಗೆ ಸುರಿಯಿರಿ. ಅರ್ಧ ಲೋಟ ನೀರು ಹಾಕಿ ಜೋರು ಉರಿಯಲ್ಲಿ ಕಲಸಿ. ಒಣಗಿತು ಅನ್ನಿಸಿದರೆ ಇನ್ನಷ್ಟು ಹಾಕಿ.

ಒಲೆ ಆರಿಸಿದ ಮೇಲೆ ತುರಿದ ಪಾರ್ಮೆಸಾನ್ ಚೀಸ್ ಹಾಕಿ, ಉರಿಯ ಮೇಲೆ ಹಾಕಿದರೆ ಗಂಟು ಕಟ್ಟುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿ, ಬಿಸಿಬಿಸಿಯಾಗಿ ಬಡಿಸಿ.