ವ್ಯಾಪಾರಕ್ಕೆ ಇಳಿಯುವ ಮುನ್ನ ಅದೇ ಮೊಲವನ್ನು 10 ಸಲ ಹೆಣೆಯಿರಿ

ನೀವು ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ ನೂಲಿನಲ್ಲಿ, ಹೆಣೆದ ಮೊಲದ ಗೊಂಬೆಯನ್ನು ಯಾರೋ ಕೈಗೆತ್ತಿಕೊಂಡು ‘ಎಷ್ಟು ಚೆನ್ನಾಗಿದೆ, ಮಾರಬಹುದಲ್ವಾ?’ ಎನ್ನುತ್ತಾರೆ. ಅವತ್ತು ರಾತ್ರಿಯೇ ನಾವು ಬ್ರ್ಯಾಂಡಿಗೆ ಹೆಸರು ಹುಡುಕಲು ಕೂರುತ್ತೇವೆ. ಹೆಸರು ಆಮೇಲೆ ಇಡೋಣ. ಕಸೂತಿಯಿರಲಿ, ಮೇಣದಬತ್ತಿಯಿರಲಿ, ಮೊದಲು ಮಾಡಬೇಕಾದ ಪರೀಕ್ಷೆ ಬೇರೆಯೇ ಇದೆ.

ಒಂದನೇ ಹೆಜ್ಜೆ: ಮಾಡಿದ್ದನ್ನೇ ಮಾಡಿ

ಅದೇ ಮೊಲ, ಅದೇ ಬಣ್ಣ, ಅದೇ ಅಳತೆ. 10 ಹೆಣೆಯಿರಿ. ಹವ್ಯಾಸದಲ್ಲಿ ಖುಷಿ ಕೊಡುವುದು ಹೊಸ ವಿನ್ಯಾಸ. ಗಿರಾಕಿ ಕೇಳುವುದು ಫೋಟೊದಲ್ಲಿ ಕಂಡದ್ದನ್ನೇ. ನಾನು ಹೀಗೆ ಕೂತಾಗ 4ನೆಯದರವರೆಗೆ ಹುರುಪಿತ್ತು. 6ನೆಯದರ ಒಂದು ಕಿವಿ ಎರಡು ಸುತ್ತು ಜಾಸ್ತಿ ಉದ್ದವಾಯಿತು. ಬಿಚ್ಚಲು ಮನಸ್ಸಾಗಲಿಲ್ಲ. ಆಮೇಲೆ ನಾಲ್ಕು ದಿನ ಕಡ್ಡಿ ಮುಟ್ಟಲಿಲ್ಲ. ಹತ್ತೂ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ನೋಡಿ. ಅಣ್ಣತಮ್ಮಂದಿರ ಹಾಗೆ ಕಂಡರೆ ಸರಿ. ದೂರದ ನೆಂಟರ ಹಾಗೆ ಕಂಡರೆ ಕೈ ಇನ್ನೂ ಪಳಗಬೇಕು.

ಹೀಗೆ ಮಧ್ಯದಲ್ಲಿ ಬೇಜಾರಾದರೆ ಅದು ಸೋಮಾರಿತನವಲ್ಲ. ಖುಷಿಗೆ ಮಾಡುತ್ತಿದ್ದುದನ್ನು ಪ್ರತಿಫಲಕ್ಕಾಗಿ ಮಾಡತೊಡಗಿದರೆ ಆಸೆ ಕುಗ್ಗಬಹುದು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಕೆಲವು ದಿನ ಕಳೆದು ನೋಡಿದರೆ, ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿದಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ನಿಮಗೆ ಆಗುತ್ತದೆಯೇ ಎಂದು ಮೊದಲೇ ಗೊತ್ತಾಗುವುದು ಒಳ್ಳೆಯದಲ್ವಾ?

ಎರಡನೇ ಹೆಜ್ಜೆ: ಗಡಿಯಾರ ಇಟ್ಟುಕೊಳ್ಳಿ

ಹೆಣಿಗೆಗೆ 6 ಗಂಟೆ ಅಂದುಕೊಳ್ಳಿ. ಹತ್ತಿ ತುಂಬುವುದು, ಹೊಲಿಯುವುದು, ಫೋಟೊ, ‘ಬೇರೆ ಬಣ್ಣ ಇದೆಯಾ’ ಎನ್ನುವವರಿಗೆ ಉತ್ತರ, ಪ್ಯಾಕಿಂಗ್ ಎಲ್ಲ ಸೇರಿ ಇನ್ನೂ 2. ದಿನಕ್ಕೆ 2 ಗಂಟೆ ಬಿಡುವು ಸಿಕ್ಕರೆ ತಿಂಗಳಿಗೆ 60 ಗಂಟೆ. ಅಂದರೆ 7 ಮೊಲ. ಎಂಟನೆಯದು ಅರ್ಧಕ್ಕೇ ನಿಲ್ಲುತ್ತದೆ. 20 ಆರ್ಡರ್ ಬಂದರೆ 160 ಗಂಟೆ ಬೇಕು. ಎಲ್ಲಿಂದ ತರುತ್ತೀರಿ?

ಮೂರನೇ ಹೆಜ್ಜೆ: ಬೆಲೆ ಕಟ್ಟಿ

ಸಾಮಾನಿನ ಖರ್ಚಿಗೆ ಮೂರು ಪಟ್ಟು ಹಾಕಿದರಾಯಿತು ಎನ್ನುವವರಿದ್ದಾರೆ. ಹೆಣಿಗೆಯಲ್ಲಿ ಈ ಲೆಕ್ಕ ಗಿಟ್ಟುವುದಿಲ್ಲ. ಇಲ್ಲಿ ನೂಲು ಅಗ್ಗ, ಹೊತ್ತು ದುಬಾರಿ. ಸಾಮಾನಿನ ಖರ್ಚಿಗೆ 8 ಗಂಟೆಯ ಕೂಲಿ ಸೇರಿಸಿ. ಹಾಳಾದ ತುಂಡು, ಡಬ್ಬಿ, ಅಂಗಡಿಗೆ ಕೊಟ್ಟರೆ ಅವರ ಪಾಲು, ಇವನ್ನೂ ಸೇರಿಸಿ. ಬಂದ ಮೊತ್ತ ನೋಡಿ ‘ಇಷ್ಟಕ್ಕೆ ಯಾರು ತಗೋತಾರೆ’ ಅನ್ನಿಸಿದರೆ ಕೂಲಿ ಕಡಿಮೆ ಮಾಡಬೇಡಿ, ವಸ್ತು ಬದಲಿಸಿ. ಒಂದು ಗಂಟೆಯಲ್ಲಿ ಮುಗಿಯುವ ಕೀಚೈನ್ ಗಿಟ್ಟಬಹುದು.

ಒಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಕ್ರೋಶಾವನ್ನು ಕೈಯಂತೆಯೇ ಹೆಣೆದು ಅಂಗಡಿಗೆ ಸುರಿಯುವ ಯಂತ್ರ ಇಲ್ಲ. ಮಾರುಕಟ್ಟೆಯ ಅಗ್ಗದ ಕ್ರೋಶಾ ಗೊಂಬೆಯನ್ನೂ ಯಾರೋ ಕೈಯಲ್ಲೇ ಹೆಣೆದಿದ್ದಾರೆ, ತೀರಾ ಕಡಿಮೆ ಕೂಲಿಗೆ. ಆ ಬೆಲೆಯ ಜೊತೆ ಪೈಪೋಟಿಗೆ ಇಳಿಯಬೇಡಿ.

ನಾಲ್ಕನೇ ಹೆಜ್ಜೆ: ಗುರುತಿಲ್ಲದವರಿಗೆ ಮಾರಿ

ಗೆಳತಿಯ ಹೊಗಳಿಕೆ ಲೆಕ್ಕಕ್ಕಿಲ್ಲ. ನಿಮ್ಮ ಪರಿಚಯವೇ ಇಲ್ಲದ ಮೂವರು ಚೌಕಾಸಿ ಮಾಡದೆ ಪೂರ್ತಿ ಬೆಲೆ ಕೊಟ್ಟರೆ ಅದು ಬೇಡಿಕೆ. ಸಿನಿಮಾದ ಕಾರ್ಟೂನ್ ಪಾತ್ರಗಳನ್ನು ಅನುಮತಿ ಇಲ್ಲದೆ ಹೆಣೆದು ಮಾರಬೇಡಿ. 3 ವರ್ಷದೊಳಗಿನ ಮಕ್ಕಳಿಗಾದರೆ ಮಣಿ, ಗುಂಡಿಯ ಕಣ್ಣು ಬೇಡ. ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನೂಲಿನಲ್ಲೇ ಕಣ್ಣು ಹೊಲಿಯಿರಿ.

ಇಷ್ಟಾದ ಮೇಲೂ 11ನೆಯದನ್ನು ಹೆಣೆಯಲು ಕೈ ತುಡಿಯುತ್ತಿದ್ದರೆ ಧೈರ್ಯವಾಗಿ ಶುರು ಮಾಡಿ. ನನ್ನ ಕೈ ತುಡಿಯಲಿಲ್ಲ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮನಸ್ಸಿಗೆ ಬಂದದ್ದನ್ನು ಹೆಣೆಯುತ್ತೇನೆ, ಮನೆಯಲ್ಲಿ ಜಾಸ್ತಿಯಾದಾಗ ಮಾರುತ್ತೇನೆ. ನೂಲಿನ ದುಡ್ಡು ಹುಟ್ಟುತ್ತದೆ. ಉದ್ದ ಕಿವಿಯ ಮೊಲವೂ ಹೀಗೇ ಒಂದು ದಿನ ಮಾರಾಟವಾಯಿತು.