ಟ್ರೇಲರ್ ಹಿಂದಿನ ಲೈಟ್ ಉರೀತಿಲ್ವಾ? ಬಲ್ಬ್ ಬಿಡಿ, ಮೊದಲು ಅರ್ತ್ ನೋಡಿ

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಭರಮಸಾಗರ, ಆನಗೋಡು ಕಡೆಯಿಂದ ದಾವಣಗೆರೆ ಮಾರುಕಟ್ಟೆಗೆ ಕತ್ತಲಾದ ಮೇಲೂ ಟ್ರ್ಯಾಕ್ಟರ್‌ಗಳು ಬರುತ್ತಲೇ ಇರುತ್ತವೆ. ಹೈವೇ 48ರಲ್ಲಿ ಲಾರಿ, ಬಸ್ಸುಗಳದ್ದು ಒಂದು ವೇಗ, ನಮ್ಮದು ಇನ್ನೊಂದು. ಹಿಂದೆ ಕೆಂಪು ಲೈಟ್ ಇಲ್ಲದಿದ್ದರೆ ಟ್ರೇಲರ್ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಹೋದ ಸುಗ್ಗಿಯಲ್ಲಿ ಒಬ್ಬ ಹುಡುಗ ಬೈಕನ್ನು ನಮ್ಮ ಟ್ರೇಲರ್ ಡೋರಿಗೆ ಒಂದು ಮಾರು ದೂರದಲ್ಲಿ ನಿಲ್ಲಿಸಿಕೊಂಡ. ಅವನ ಕೈ ನಡುಗುತ್ತಿತ್ತು. ಅವತ್ತು ಬೆಳಿಗ್ಗೆಯಷ್ಟೇ ನಾನು ಎರಡು ಹೊಸ ಬಲ್ಬ್ ಹಾಕಿದ್ದೆ, ಮನೆ ಮುಂದೆ ಚೆನ್ನಾಗಿಯೇ ಉರಿದಿದ್ದವು. ದಾರಿಯಲ್ಲಿ ಚಕ್ರ ಗುಂಡಿಗೆ ಇಳಿದಾಗ ಎರಡೂ ಒಟ್ಟಿಗೆ ಆರಿದ್ದವು, ಸೀಟಲ್ಲಿ ಕೂತ ನನಗೆ ಗೊತ್ತೇ ಆಗಿರಲಿಲ್ಲ.

ಎರಡು ಬಲ್ಬ್ ಒಂದೇ ಗಳಿಗೆಯಲ್ಲಿ ಸುಟ್ಟುಹೋಗುವುದು ಅಪರೂಪ. ಹೋಗಿದ್ದು ಅರ್ತ್, ಅಂದರೆ ಬಲ್ಬಿನಿಂದ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಆಮೇಲೆ ಊರಲ್ಲಿ ಸುಮಾರು ಟ್ರೇಲರ್ ನೋಡಿದೆ, ಎಲ್ಲರೂ ಮಾಡುವುದು ಅದೇ: ಬಲ್ಬ್ ಬದಲಾಯಿಸುವುದು, ಒಂದು ವಾರ ಉರಿಯುವುದು, ಮತ್ತೆ ಬಲ್ಬ್.

ಮೊದಲಿಗೆ ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. 12 ವೋಲ್ಟಿನ 21 ವ್ಯಾಟ್ ಬಲ್ಬ್, ಅದಕ್ಕೊಂದು ಹೋಲ್ಡರ್, ಎರಡು ವೈರ್, ತುದಿಗೆ ಕ್ಲಿಪ್. ಅಷ್ಟೇ. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಆದರೆ ಅದೊಂದನ್ನೇ ನಂಬಬೇಡಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಆ ಎಳೆಯಲ್ಲಿ ಬಲ್ಬ್ ಸರಿಯಾಗಿ ಉರಿಯುವುದಿಲ್ಲ, ಟೆಸ್ಟ್ ಲ್ಯಾಂಪ್ ಅದನ್ನು ಕೂಡಲೇ ಹೇಳುತ್ತದೆ.

ಟ್ರೇಲರ್ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಒಂದೊಂದಾಗಿ ಹಾಕಿಸಿ, ನೀವು ಹಿಂದೆ ನಿಂತು ನೋಡಿ. ಏನನ್ನೂ ಬಿಚ್ಚಬೇಡಿ, ಸುಮ್ನೆ ನೋಡಿ. ಒಂದೇ ಲೈಟ್ ಆರಿದ್ದರೆ ಬಲ್ಬೋ ಹೋಲ್ಡರೋ ಇರಬಹುದು. ಎಲ್ಲವೂ ಮಂಕಾಗಿದ್ದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಸಣ್ಣಗೆ ಹತ್ತಿದರೆ, ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಅದರ ಜೊತೆ ಮಿನುಗಿದರೆ, ಅದು ಅರ್ತ್ ತೊಂದರೆಯೇ. ಬ್ಯಾಟರಿಗೆ ವಾಪಸ್ ಹೋಗುವ ದಾರಿ ಕೆಟ್ಟಾಗ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೇ ಈ ವಿಚಿತ್ರ.

ಈಗ ಟ್ರ್ಯಾಕ್ಟರ್ ಹಿಂದಿರುವ ಏಳು ಪಿನ್ನಿನ ಸಾಕೆಟ್. ಇದರಲ್ಲಿ ತಾಮ್ರ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಧೂಳು ತುಂಬಿರುತ್ತದೆ. ಒಳಗೆ ಇಣುಕಿದರೆ ಸಾಮಾನ್ಯವಾಗಿ ಸಣ್ಣ ಗುರುತುಗಳಿರುತ್ತವೆ: 31 ಅಂದರೆ ಅರ್ತ್, 54 ಬ್ರೇಕ್, 58 ಪಾರ್ಕಿಂಗ್, ಎಲ್ ಮತ್ತು ಆರ್ ಎಡ ಬಲ ಇಂಡಿಕೇಟರ್. ಟೆಸ್ಟ್ ಲ್ಯಾಂಪಿನ ಒಂದು ತುದಿ 31ಕ್ಕೆ, ಆಯಾ ಲೈಟಿನ ಸ್ವಿಚ್ ಹಾಕಿಸಿ ಇನ್ನೊಂದನ್ನು ಉಳಿದವಕ್ಕೆ ಮುಟ್ಟಿಸುತ್ತಾ ಹೋಗಿ. ಎಲ್ಲ ಜೋರಾಗಿ ಉರಿದರೆ ಟ್ರ್ಯಾಕ್ಟರ್ ಸರಿ ಇದೆ, ತಪ್ಪು ಟ್ರೇಲರಿನಲ್ಲಿ. ಹುಣಸೆಹಣ್ಣು ಹಾಕಿ ಪಿನ್ ತಿಕ್ಕುವವರಿದ್ದಾರೆ, ಪಳಪಳ ಆಗುತ್ತದೆ ನಿಜ, ಹುಳಿ ಒಳಗೆ ಉಳಿದು ಮತ್ತೆ ಕಿಲುಬು ತರುತ್ತದೆ. ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಒರೆಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿ.

ಇನ್ನು ಅರ್ತ್. ಹಳೆ ಟ್ರೇಲರ್‌ಗಳಲ್ಲಿ ಅರ್ತಿಗೆ ಬೇರೆ ವೈರೇ ಇರುವುದಿಲ್ಲ. ಕರೆಂಟು ಟ್ರೇಲರ್ ಎಳೆಯುವ ಕೊಂಡಿ ಮತ್ತು ಅದರ ಪಿನ್ನಿನ ಮೂಲಕವೇ ಟ್ರ್ಯಾಕ್ಟರಿಗೆ ಹೋಗಬೇಕು. ಆ ಕೊಂಡಿ ನೋಡಿ: ಗ್ರೀಸು, ತುಕ್ಕು, ಮಣ್ಣು, ಮೇಲೆ ಪೇಂಟು. ಲೋಡ್ ಎಳೆಯುವಾಗ ಪಿನ್ ಬಿಗಿಯಾಗಿ ತಾಗುತ್ತದೆ, ಲೈಟ್ ಹತ್ತುತ್ತದೆ. ಇಳಿಜಾರಲ್ಲಿ ಪಿನ್ ಸಡಿಲವಾದರೆ ಆರುತ್ತದೆ. ಅಂದರೆ ಬ್ರೇಕ್ ಒತ್ತಿದಾಗಲೇ ಬ್ರೇಕ್ ಲೈಟ್ ಕೈಕೊಡುತ್ತದೆ!

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಉದ್ದದ ವೈರ್ ತಗೊಳ್ಳಿ. ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ, ಇನ್ನೊಂದನ್ನು ಹಿಂದಿನ ಲೈಟಿನ ಹೋಲ್ಡರಿನ ಲೋಹಕ್ಕೆ ಒತ್ತಿ ಹಿಡಿಯಿರಿ. ಮಂಕಾಗಿದ್ದ ಲೈಟ್ ತಟ್ಟನೆ ಕೆಂಪಗೆ ಹತ್ತಿದರೆ ಹುಡುಕಾಟ ಮುಗಿಯಿತು. ಮೀಟರ್ ಇದ್ದವರು ಲೈಟ್ ಆನ್ ಮಾಡಿ ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಹೋಲ್ಡರ್ ಲೋಹಕ್ಕೆ ಇಡಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ ಅಂತಲೇ ಅರ್ಥ.

ರಿಪೇರಿಗೆ ಒಂದೇ ದಾರಿ, ಅದರಲ್ಲಿ ರಾಜಿ ಬೇಡ. ಎರಡೂ ಹೋಲ್ಡರಿನಿಂದ ಪ್ಲಗ್ಗಿನ 31ನೇ ಪಿನ್ನಿನವರೆಗೆ 2.5 ಸ್ಕ್ವೇರ್ ಎಂಎಂನ ಬೇರೆಯೇ ಅರ್ತ್ ವೈರ್ ಎಳೆಯಿರಿ. ಲೈಟುಗಳ ಉಳಿದ ವೈರುಗಳಿಗೆ 1.5 ಸಾಕು. ಟ್ರೇಲರ್ ಚಾಸಿಗೂ ಒಂದು ಕಡೆ ಕಚ್ಚಿಸಿ: ಪೇಂಟನ್ನು ಬೆಳ್ಳಗೆ ಕಬ್ಬಿಣ ಕಾಣುವ ತನಕ ಕೆರೆಯಿರಿ, ವೈರಿನ ತುದಿಗೆ ರಿಂಗ್ ಲಗ್ (ಬೋಲ್ಟ್ ತೂರುವ ಲೋಹದ ಉಂಗುರ) ಒತ್ತಿಸಿ, ಹಲ್ಲಿನ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಸವರಿ. ಗ್ರೀಸ್ ಮೊದಲು ಅಲ್ಲ, ಆಮೇಲೆ. ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತುವುದು ನನಗೆ ಆಗುವುದೇ ಇಲ್ಲ. ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ.

ಇಷ್ಟಾದ ಮೇಲೂ ಒಂದು ಲೈಟ್ ಉರಿಯದಿದ್ದರೆ ಮಾತ್ರ ಬಲ್ಬ್ ತೆಗೆಯಿರಿ. ಬ್ರೇಕ್, ಪಾರ್ಕಿಂಗ್ ಎರಡಕ್ಕೂ ಒಂದೇ ಬಲ್ಬ್ ಇದ್ದರೆ ಅದು 21/5 ವ್ಯಾಟಿಂದು, ಒಳಗೆ ಎರಡು ತಂತಿ. ಪಕ್ಕದ ಎರಡು ಗುಬಟು ಮೇಲೆ ಕೆಳಗೆ ಇರುತ್ತವೆ. ಉಲ್ಟಾ ಒತ್ತಿ ತುರುಕಿದರೆ ಬ್ರೇಕ್ ಮಂಕಾಗಿ, ಪಾರ್ಕಿಂಗ್ ಜೋರಾಗಿ ಉರಿಯುತ್ತದೆ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ವೈರಿನ ಸಿಪ್ಪೆ ಹೋಗಿ ಚಾಸಿಗೆ ತಾಗುತ್ತಿದೆ. ಮೇವಿನ ಬಣವೆ ಪಕ್ಕ ನಿಂತ ಟ್ರೇಲರ್ ಆದರೆ ಇಲಿ ಕಡಿದಿದೆಯಾ ನೋಡಿ. ಫ್ಯೂಸ್ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಇಡುವುದನ್ನು ದಯವಿಟ್ಟು ಬಿಡಿ. ಆಗ ಫ್ಯೂಸ್ ಬದಲು ವೈರೇ ಸುಡುತ್ತದೆ, ಮೇಲೆ ಒಣಮೇವಿನ ಲೋಡ್ ಇದ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ?

ಬ್ರೇಕ್ ಲೈಟ್ ಮಾತ್ರ ಬಾರದಿದ್ದರೆ ಪೆಡಲ್ ಕೆಳಗಿನ ಸ್ವಿಚ್ ನೋಡಿ, ಕೆಸರು ಕಟ್ಟಿರುತ್ತದೆ. ಎಷ್ಟೋ ಹಳೆ ಟ್ರ್ಯಾಕ್ಟರ್‌ಗಳಲ್ಲಿ ಆ ಸ್ವಿಚ್ ಒಂದೇ ಪೆಡಲಿಗೆ ಇರುತ್ತದೆ. ಗದ್ದೆಯಲ್ಲಿ ತಿರುಗಿಸಲು ಎರಡು ಬ್ರೇಕ್ ಬೇರೆ ಮಾಡಿದವರು ರೋಡಿಗೆ ಬರುವ ಮುಂಚೆ ಎರಡೂ ಪೆಡಲ್ ಸೇರಿಸುವ ಕೊಂಡಿ ಹಾಕಲೇಬೇಕು, ಲೈಟಿಗಿಂತ ಮೊದಲು ಜೀವಕ್ಕಾಗಿ.

ಎಲ್‌ಇಡಿ ಹಾಕುವುದಾದರೆ ನೀರು ಹೋಗದ ಹಾಗೆ ಮುಚ್ಚಿರುವ ಪೂರ್ತಿ ಸೆಟ್ ತಗೊಳ್ಳಿ. ಹಳೆ ಹೋಲ್ಡರಿಗೆ ತುರುಕುವ ಅಗ್ಗದ ಎಲ್‌ಇಡಿ ಬಲ್ಬ್ ನಾನು ಮೂರು ಸಲ ಹಾಕಿ ಮೂರು ಸಲ ಎಸೆದಿದ್ದೇನೆ. ಇಂಡಿಕೇಟರ್ ಪಟಪಟ ಬೇಗ ಮಿನುಗಲು ಶುರುವಾದರೆ ಎಲ್‌ಇಡಿ ಕಡಿಮೆ ಕರೆಂಟು ಎಳೆಯುವುದೇ ಕಾರಣ, ಅದಕ್ಕೆ ಹೊಂದುವ ಫ್ಲ್ಯಾಷರ್ (ಇಂಡಿಕೇಟರನ್ನು ಮಿನುಗಿಸುವ ಡಬ್ಬಿ) ಬೇಕು.

ಜೊತೆಗೆ ರಿಫ್ಲೆಕ್ಟರ್ ಟೇಪ್: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಮಣ್ಣು ತೊಳೆದು, ಒಣಗಿಸಿ ಅಂಟಿಸಿ.

ಕೊನೆಗೆ ಕತ್ತಲಾದ ಮೇಲೆ ಲೋಡ್ ತುಂಬಿ, ಲೈಟ್ ಹಾಕಿ ಊರೊಳಗಿನ ಗುಂಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ಹಿಂದೆ ಬೈಕಲ್ಲಿ ಒಬ್ಬರು ಬರಲಿ. ಡೋರ್ ಮೇಲಿಂದ ಜೋತುಬಿದ್ದ ತಾಡಪಾಲು ಲೈಟನ್ನು ಮುಚ್ಚಿದೆಯಾ ಅಂತಲೂ ಅವರೇ ಹೇಳಬೇಕು. ಹೈವೇ ಹತ್ತುವ ಮೊದಲು ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಹಿಂದೆ ಹೋಗಿ ಇನ್ನೊಮ್ಮೆ ನೋಡಿ.